ಇಟಲಿ, 10 ದಿನ, ಆರು ಊರು: ಪ್ಲ್ಯಾನ್ ಯಾಕೆ ಕೂರುತ್ತಿಲ್ಲ?

10 ದಿನದಲ್ಲಿ ಇಟಲಿಯ ಆರು ಊರು ನೋಡುವ ನಿಮ್ಮ ಪ್ಲ್ಯಾನ್‌ನಲ್ಲಿ ಊರು ಜಾಸ್ತಿ ಆಗಿವೆ, ಅದಕ್ಕೇ ಕೂರುತ್ತಿಲ್ಲ. ಜೂನ್ ಬಿಸಿಲು, ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಹೀಗಿರುವಾಗ ರೋಮ್, ಅಮಾಲ್ಫಿ, ಫ್ಲಾರೆನ್ಸ್, ಪೀಸಾ, ವೆನಿಸ್, ಮಿಲಾನ್ ಎಲ್ಲಾ ಅಂದರೆ ಅರ್ಧ ರಜೆ ಸೂಟ್‌ಕೇಸ್ ತುಂಬುವುದರಲ್ಲೇ ಹೋಗುತ್ತೆ.

ಮೊದಲು ಅಮಾಲ್ಫಿ, ಮಿಲಾನ್ ಬಿಟ್ಟುಬಿಡಿ. ರೋಮ್‌ಗೆ 4 ರಾತ್ರಿ, ಫ್ಲಾರೆನ್ಸ್‌ಗೆ 3, ವೆನಿಸ್‌ಗೆ 2. ಪೀಸಾಗೆ ಫ್ಲಾರೆನ್ಸ್‌ನಿಂದ ರೈಲಲ್ಲಿ ಸುಮಾರು ಒಂದು ಗಂಟೆ, ಬೆಳಿಗ್ಗೆ ಹೋಗಿ ಮಧ್ಯಾಹ್ನ ವಾಪಸ್ ಬನ್ನಿ. ವಿಮಾನ ರೋಮ್‌ಗೆ ಇಳಿದು ವೆನಿಸ್‌ನಿಂದ ಹೊರಡುವ ಹಾಗೆ ನೋಡಿ. ದರ ಸ್ವಲ್ಪ ಹೆಚ್ಚಿದ್ದರೂ ಸುಮ್ನೆ ರೋಮ್‌ಗೆ ಹಿಂದಿರುಗಲು ವ್ಯರ್ಥವಾಗುವ ಒಂದು ದಿನ ಉಳಿಯುತ್ತೆ.

ನಿಮ್ಮದು ಭಾರತದ ಪಾಸ್‌ಪೋರ್ಟ್ ಅಂದುಕೊಂಡಿದ್ದೇನೆ. ಹಾಗಿದ್ದರೆ ಷೆಂಗೆನ್ ವೀಸಾ (ಇಟಲಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಮೊದಲ ಕೆಲಸ. ಹೊರಡುವುದಕ್ಕೆ 6 ತಿಂಗಳ ಮೊದಲಿಂದಲೇ ಅರ್ಜಿ ತಗೊಳ್ಳುತ್ತಾರೆ. ಆಮೇಲೆ ಫಾಸ್ಟ್ ಟ್ರೈನ್ ಬುಕ್ ಮಾಡಿ, ತಡಮಾಡಿದಷ್ಟೂ ಬೆಲೆ ಏರುತ್ತೆ. ರೋಮ್‌ನಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ, ಅಲ್ಲಿಂದ ವೆನಿಸ್‌ಗೆ ಎರಡು ಗಂಟೆಗೆ ಸ್ವಲ್ಪ ಮೇಲೆ.

ರೋಮ್‌ನ ಪುರಾತನ ಕ್ರೀಡಾಂಗಣ ಕೊಲೋಸಿಯಂಗೆ ಬೆಳಗಿನ ಮೊದಲ ಸ್ಲಾಟ್ ಹಿಡಿಯಿರಿ, ಮಧ್ಯಾಹ್ನ ಅಲ್ಲಿ ನೆರಳು ಕಡಿಮೆ. 18 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಉಚಿತ, ಆದರೂ ಅವರ ಹೆಸರಲ್ಲೂ ಟಿಕೆಟ್ ತಗೊಳ್ಳಲೇಬೇಕು. ಫ್ಲಾರೆನ್ಸ್‌ನ ಉಫಿಜಿ ಕಲಾ ಮ್ಯೂಸಿಯಂಗೆ ಸೋಮವಾರ ರಜೆ. ರೋಮ್ ಬೀದಿಗಳಲ್ಲಿ ಇಪ್ಪತ್ನಾಲ್ಕು ಗಂಟೆಯೂ ಸುರಿಯುವ ಸಣ್ಣ ಕಬ್ಬಿಣದ ನಲ್ಲಿಗಳಿವೆ, ನೀರು ತಣ್ಣಗೆ, ಕುಡಿಯಲು ಯೋಗ್ಯ. ಬಾಟಲಿ ಒಯ್ಯಿರಿ ಸಾಕು.

ಅತ್ತೆಗೆ ಎಷ್ಟು ನಡೆಯಲು ಆಗುತ್ತೋ ನಿಮಗೇ ಗೊತ್ತು. ವೆನಿಸ್‌ನ ಹೆಚ್ಚಿನ ಸೇತುವೆಗಳಿಗೆ ಮೆಟ್ಟಿಲು, ಹಾಗಾಗಿ ಅಲ್ಲಿನ ಸಾಂತಾ ಲುಚೀಯಾ ರೈಲು ಸ್ಟೇಷನ್ ಹತ್ತಿರವೇ, ನಡುವೆ ಸೇತುವೆ ಬಾರದ ಕಡೆ ರೂಮ್ ಮಾಡಿ.