ಸೊಂಟ ಹಿಡಿದಿದ್ದಕ್ಕೆ ಮಸಲ್ ರಿಲ್ಯಾಕ್ಸೆಂಟ್ ಕೊಟ್ಟಿದ್ದಾರೆ, ತಗೊಂಡರೆ ತೂಕಡಿಕೆ. ಏನು ಮಾಡಲಿ?

ನೀವು ಕೇಳಿರುವುದು ಇಷ್ಟು, ಅಲ್ವಾ? ಗ್ಯಾಸ್ ಸಿಲಿಂಡರ್ ಎತ್ತುವಾಗ ಸೊಂಟ ಹಿಡಿದುಕೊಂಡಿದೆ. ಡಾಕ್ಟರ್ ಐದು ದಿನಕ್ಕೆ, ಬೆಳಿಗ್ಗೆ ಒಂದು ರಾತ್ರಿ ಒಂದು ಅಂತ ಮಾತ್ರೆ ಬರೆದಿದ್ದಾರೆ. ಅದರಲ್ಲಿ ನೋವಿನ ಔಷಧಿಗಳಾದ ಅಸೆಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325, ಜೊತೆಗೆ ಮಸಲ್ ರಿಲ್ಯಾಕ್ಸೆಂಟ್, ಅಂದರೆ ಸ್ನಾಯುವಿನ ಬಿಗಿತ ಇಳಿಸುವ ಔಷಧಿ, ಟಿಜಾನಿಡಿನ್ 2 ಮಿ.ಗ್ರಾಂ ಇದೆ. ನುಂಗಿದರೆ ತೂಕಡಿಕೆ. ಬೈಕ್ ಓಡಿಸಬಹುದಾ, ಚಟ ಹಿಡಿಯುತ್ತಾ, ನೋವು ಇಳಿದ ಮೇಲೂ ಮುಂದುವರಿಸಬೇಕಾ ಅನ್ನೋದು ಪ್ರಶ್ನೆ.

ನಾನು ಡಾಕ್ಟರ್ ಅಲ್ಲ. ಫಾರ್ಮಸಿ ಓದಿ ಶಿವಮೊಗ್ಗ ಜಿಲ್ಲೆಯಲ್ಲಿ ಮೆಡಿಕಲ್ ಶಾಪ್ ಇಟ್ಟುಕೊಂಡಿದ್ದೇನೆ. ಅಡಿಕೆ ಕೊಯ್ಲು ಶುರುವಾದರೆ ಸಾಕು, ನಮ್ಮ ಅಂಗಡಿಯಲ್ಲಿ ಜ್ವರದ ಮಾತ್ರೆಗಿಂತ ಸೊಂಟದ ಮಾತ್ರೆಯೇ ಜಾಸ್ತಿ ಹೋಗುತ್ತದೆ. ನನಗೂ ಕುತ್ತಿಗೆ ಹಿಡಿಯುವ ಕಾಯಿಲೆ ಇದೆ, ವರ್ಷಕ್ಕೊಮ್ಮೆಯಾದರೂ ಬಂದು ಹೋಗುತ್ತದೆ. ಹಾಗಾಗಿ ಈ ಮಾತ್ರೆಗಳನ್ನು ಮಾರಿಯೂ ಗೊತ್ತು, ನುಂಗಿಯೂ ಗೊತ್ತು.

ಮೊದಲು ನೇರ ಉತ್ತರ. ಬೈಕ್ ಬೇಡ. ಐದು ದಿನಕ್ಕೆ ಚಟ ಹಿಡಿಯುವ ಮಾತ್ರೆ ಇದಲ್ಲ. ನೋವು ಇಳಿದರೆ ಕೋರ್ಸ್ ಮುಗಿಸಲೇಬೇಕು ಅಂತಿಲ್ಲ, ಇದು ಆಂಟಿಬಯಾಟಿಕ್ ಅಲ್ಲ. ಆದರೆ ನೀವು ಕೇಳದೇ ಇರುವ ಒಂದು ವಿಷಯ ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ನಮ್ಮಲ್ಲಿ ಮಸಲ್ ರಿಲ್ಯಾಕ್ಸೆಂಟ್ ಒಂಟಿಯಾಗಿ ಬರುವುದು ಕಡಿಮೆ. ಒಂದೇ ಮಾತ್ರೆಯೊಳಗೆ ನೋವಿನ ಔಷಧಿಗಳ ಜೊತೆ ಸೇರಿಕೊಂಡು ಬರುತ್ತದೆ. ಜನ ತೂಕಡಿಕೆಗೆ ಹೆದರುತ್ತಾರೆ, ಹೊಟ್ಟೆಗೆ, ಕಿಡ್ನಿಗೆ ಪೆಟ್ಟು ಕೊಡುವ ಜೊತೆಗಾರನನ್ನು ನೋಡುವುದೇ ಇಲ್ಲ.

ಟಿಜಾನಿಡಿನ್ ನೇರವಾಗಿ ನಿಮ್ಮ ಸೊಂಟದ ಸ್ನಾಯುವಿಗೆ ಹೋಗಿ ಅದನ್ನು ಸಡಿಲ ಮಾಡುವುದಿಲ್ಲ. ಅದು ಕೆಲಸ ಮಾಡುವುದು ಮೆದುಳು ಮತ್ತು ಬೆನ್ನುಹುರಿಯಲ್ಲಿ. ಸ್ನಾಯುವಿಗೆ 'ಬಿಗಿ ಹಿಡಿ' ಅಂತ ಹೋಗುವ ಸಂದೇಶವನ್ನು ಅಲ್ಲೇ ತಗ್ಗಿಸುತ್ತದೆ. ಯಾವ ಸ್ನಾಯು ಹಿಡಿದಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಹಾಗಾಗಿ ಇಡೀ ಮನುಷ್ಯನೇ ಮಂಕಾಗುತ್ತಾನೆ. ಕ್ಲೋನಿಡಿನ್ ಅಂತ ಬಿಪಿಗೆ ಕೊಡುವ ಹಳೆಯ ಮಾತ್ರೆ ಇದೆಯಲ್ಲ, ಅದರ ಸಂಬಂಧಿ ಇದು. ಅದಕ್ಕೇ ಬಾಯಿ ಒಣಗುತ್ತದೆ, ತಟ್ಟನೆ ಎದ್ದರೆ ತಲೆ ಸುತ್ತುತ್ತದೆ. ರಾತ್ರಿ ಬಾತ್‌ರೂಮಿಗೆ ಏಳುವಾಗ ಮಂಚದ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ನಿಂತುಕೊಳ್ಳಿ. ಹಿಡಿದ ಸೊಂಟದ ಜೊತೆ ಬಿದ್ದ ಪೆಟ್ಟೂ ಸೇರಿದರೆ ಕಷ್ಟ.

ನುಂಗಿ ಒಂದೆರಡು ಗಂಟೆಯೊಳಗೆ ಅದರ ಜೋರು ತುದಿ ಮುಟ್ಟುತ್ತದೆ, ಆರೇಳು ಗಂಟೆಯಲ್ಲಿ ಹೆಚ್ಚುಕಡಿಮೆ ಇಳಿದುಹೋಗುತ್ತದೆ. ಅಂದರೆ ಬೆಳಿಗ್ಗೆ ಎಂಟಕ್ಕೆ ತಗೊಂಡು ಒಂಬತ್ತಕ್ಕೆ ಬೈಕ್ ಹತ್ತಿದರೆ ಸರಿಯಾಗಿ ಕೆಟ್ಟ ಹೊತ್ತಿಗೇ ರಸ್ತೆಯಲ್ಲಿರುತ್ತೀರಿ. ಬೆಳಗಿನ ಡೋಸಿನ ಬದಲು ಟಿಜಾನಿಡಿನ್ ಇಲ್ಲದ ಬರೀ ನೋವಿನ ಮಾತ್ರೆ ಕೊಡಬಹುದಾ, ಇದನ್ನು ರಾತ್ರಿಗೆ ಮಾತ್ರ ಇಟ್ಟುಕೊಳ್ಳಬಹುದಾ ಅಂತ ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳಿ. ಎಷ್ಟೋ ಡಾಕ್ಟರುಗಳು ಹಾಗೇ ಬದಲಾಯಿಸಿ ಕೊಟ್ಟಿದ್ದನ್ನು ನೋಡಿದ್ದೇನೆ, ರೋಗಿ ಕೇಳಬೇಕು ಅಷ್ಟೆ. ನಮ್ಮ ಕಡೆ ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವರು, ಬಂದು ಇದೇ ಮಾತ್ರೆ ಕೇಳುತ್ತಾರೆ. ಚೀಟಿ ಇದ್ದರೂ ನಾನು ಕೇಳುವ ಮೊದಲ ಪ್ರಶ್ನೆ ನಾಳೆ ಮರ ಹತ್ತುತ್ತೀರಾ ಅಂತ. ಹೌದು ಅಂದರೆ ಅವರೆದುರೇ ಡಾಕ್ಟರಿಗೆ ಫೋನ್ ಹಚ್ಚುತ್ತೇನೆ. ಬೈದುಕೊಂಡು ಹೋದವರೂ ಇದ್ದಾರೆ, ಹೋಗಲಿ.

ಎಣ್ಣೆ ಹಾಕುವ ಅಭ್ಯಾಸ ಇದ್ದರೆ ಈ ಐದು ದಿನ ಪೂರ್ತಿ ಬಿಡಿ. 'ಒಂದೇ ಪೆಗ್' ಅನ್ನೋದೂ ಬೇಡ.

ಈಗ ಜೊತೆಗಾರರ ವಿಷಯ. ಅಸೆಕ್ಲೋಫೆನಾಕ್ 100 ದಿನಕ್ಕೆ ಎರಡು ಅಂದರೆ 200 ಮಿ.ಗ್ರಾಂ, ಅದೇ ಅದರ ಪೂರ್ತಿ ದಿನದ ಡೋಸ್. ಅದರ ಮೇಲೆ ಅದೇ ಜಾತಿಯ ಇನ್ನೊಂದು ನೋವಿನ ಮಾತ್ರೆಗೆ ಜಾಗವೇ ಇಲ್ಲ. ಆದರೆ ಮಧ್ಯಾಹ್ನ ನೋವು ಬಂತು ಅಂತ ಮನೆಯಲ್ಲಿದ್ದ ಕಾಂಬಿಫ್ಲಾಮ್ ನುಂಗುತ್ತಾರೆ, ಅದರಲ್ಲಿ ಐಬುಪ್ರೊಫೆನ್ ಇದೆ. ಸಂಜೆ ಪಕ್ಕದ ಮನೆಯವರು ಡೈಕ್ಲೋಫೆನಾಕ್ ಇಂಜೆಕ್ಷನ್ ಹಾಕಿಸಿಕೋ, ತಕ್ಷಣ ಇಳಿಯುತ್ತೆ ಅನ್ನುತ್ತಾರೆ, ಅದೂ ಆಗುತ್ತದೆ. ಮೂರೂ ಒಂದೇ ಜಾತಿಯ ಔಷಧಿ. ನೋವು ಮೂರು ಪಟ್ಟು ಕಡಿಮೆಯಾಗುವುದಿಲ್ಲ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ, ಕಿಡ್ನಿಗೆ ಪೆಟ್ಟಾಗುವ ಅಪಾಯ ಮಾತ್ರ ಏರುತ್ತದೆ. ಪ್ಯಾರಾಸಿಟಮಾಲ್ ವಿಷಯದಲ್ಲಿ ಅಷ್ಟು ಗಾಬರಿ ಬೇಡ. ನಿಮ್ಮ ಮಾತ್ರೆಯಿಂದ ದಿನಕ್ಕೆ 650 ಮಿ.ಗ್ರಾಂ ಹೋಗುತ್ತದೆ, ಆರೋಗ್ಯವಂತ ದೊಡ್ಡವರಿಗೆ ದಿನದ ಮಿತಿ 4 ಗ್ರಾಂ. ಮಧ್ಯೆ ಒಂದು ಡೋಲೋ 650 ತಗೊಂಡರೆ ಲೆಕ್ಕ ತಪ್ಪುವುದಿಲ್ಲ, ಲಿವರ್ ತೊಂದರೆ ಇಲ್ಲದಿದ್ದರೆ. ಅಸೆಕ್ಲೋಫೆನಾಕ್ ಇರುವುದರಿಂದ ಊಟ ಆದ ಮೇಲೇ ತಗೊಳ್ಳಿ. ಅಸ್ತಮಾ, ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಗರ್ಭಿಣಿ, ಇದರಲ್ಲಿ ಯಾವುದಿದ್ದರೂ ಮೊದಲೇ ಹೇಳಬೇಕು.

ಇನ್ನೊಂದು ಕೂಡುವಿಕೆ ಇದೆ, ಅದನ್ನು ಚೀಟಿಯ ಹಿಂದೆ ಬರೆದಿಟ್ಟುಕೊಂಡರೂ ಸರಿ. ಸಿಪ್ರೊಫ್ಲಾಕ್ಸಾಸಿನ್. ಭೇದಿಗೆ, ಉರಿಮೂತ್ರಕ್ಕೆ ಜನ ತಾವೇ ಬಂದು ಕೇಳುವ ಆಂಟಿಬಯಾಟಿಕ್ ಇದು, ಟಿನಿಡಜೋಲ್ ಜೊತೆ ಸೇರಿಸಿದ ಮಾತ್ರೆಯಾಗಿಯೂ ಬರುತ್ತದೆ. ಟಿಜಾನಿಡಿನ್ ಅನ್ನು ಲಿವರಿನಲ್ಲಿ ಕರಗಿಸುವ ಕಿಣ್ವವನ್ನು ಸಿಪ್ರೊಫ್ಲಾಕ್ಸಾಸಿನ್ ತಡೆದುಬಿಡುತ್ತದೆ. ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದ ಅಧ್ಯಯನದಲ್ಲಿ ದೇಹಕ್ಕೆ ಸಿಗುವ ಟಿಜಾನಿಡಿನ್ ಪ್ರಮಾಣ ಹತ್ತು ಪಟ್ಟಿನಷ್ಟಾಯಿತು. ಅಂದರೆ ನೀವು ನುಂಗಿದ್ದು 2 ಮಿ.ಗ್ರಾಂ, ದೇಹಕ್ಕೆ ಅದು 20ರ ಹಾಗೆ. ಬಿಪಿ ಕುಸಿದು ಬೀಳುತ್ತಾರೆ. ಫ್ಲುವೊಕ್ಸಮಿನ್ ಅನ್ನುವ ಮಾನಸಿಕ ಕಾಯಿಲೆಯ ಮಾತ್ರೆ ಇದಕ್ಕಿಂತ ಕೆಟ್ಟದ್ದು. ಈ ಎರಡರ ಜೊತೆ ಟಿಜಾನಿಡಿನ್ ಕೊಡಲೇಬಾರದು ಅಂತಿದೆ. ಗರ್ಭನಿರೋಧಕ ಮಾತ್ರೆ ತಗೊಳ್ಳುವ ಹೆಂಗಸರಲ್ಲೂ ಇದರ ಪ್ರಮಾಣ ಏರುತ್ತದೆ, ಅದನ್ನೂ ಡಾಕ್ಟರಿಗೆ ಹೇಳಬೇಕು. ಸೊಂಟನೋವಿಗೆ ಹೋದವರು ಉರಿಮೂತ್ರದ ವಿಷಯ ಹೇಳುವುದಿಲ್ಲ, ಉರಿಮೂತ್ರಕ್ಕೆ ಹೋದವರು ಸೊಂಟದ ಮಾತ್ರೆ ಹೇಳುವುದಿಲ್ಲ. ಎರಡು ಡಾಕ್ಟರು, ಎರಡು ಚೀಟಿ, ಹೊಟ್ಟೆ ಮಾತ್ರ ಒಂದೇ.

ಚಟದ ಬಗ್ಗೆ. ಆತಂಕಕ್ಕೆ, ನಿದ್ದೆಗೆ ಕೊಡುವ ಡಯಾಜೆಪಾಮ್ ಹಿಡಿಯುವ ಹಾಗೆ ಟಿಜಾನಿಡಿನ್ ಹಿಡಿಯುವುದಿಲ್ಲ. ಆದರೆ ಪಾರ್ಶ್ವವಾಯು, ಬೆನ್ನುಹುರಿ ಪೆಟ್ಟು ಇಂಥವುಗಳಿಗೆ ದೊಡ್ಡ ಡೋಸಿನಲ್ಲಿ ತಿಂಗಳುಗಟ್ಟಲೆ ತಗೊಂಡವರು ಒಮ್ಮೆಗೇ ನಿಲ್ಲಿಸಿದರೆ ಬಿಪಿ, ಎದೆಬಡಿತ ತಿರುಗಿ ಏರುತ್ತದೆ, ಅವರು ನಿಧಾನವಾಗಿ ಇಳಿಸಬೇಕು. ನಿಮ್ಮ ಐದು ದಿನಕ್ಕೆ ಆ ಮಾತು ಬೇಕಿಲ್ಲ. ನಿಜಕ್ಕೂ ಚಟ ಹಿಡಿಸುವುದು ಕ್ಯಾರಿಸೊಪ್ರೊಡಾಲ್ ಅನ್ನುವ ಇನ್ನೊಂದು ಮಸಲ್ ರಿಲ್ಯಾಕ್ಸೆಂಟ್. ಯುರೋಪಿನ ಔಷಧ ಸಂಸ್ಥೆ ಅದನ್ನು ಮಾರುಕಟ್ಟೆಯಿಂದ ತೆಗೆಯಿರಿ ಅಂತ 2007ರಲ್ಲೇ ಹೇಳಿತು. ಟಪೆಂಟಡಾಲ್ ಅನ್ನುವ ಅಫೀಮು ಬಗೆಯ ಜೋರು ನೋವಿನ ಔಷಧಿಯ ಜೊತೆ ಸೇರಿಸಿ ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿದ್ದ ಮಾತ್ರೆಗಳು ಅಲ್ಲಿನ ಹುಡುಗರನ್ನು ಹಾಳು ಮಾಡುತ್ತಿವೆ ಅಂತ ಸುದ್ದಿಯಾದ ಮೇಲೆ, 2025ರ ಫೆಬ್ರವರಿಯಲ್ಲಿ ನಮ್ಮ ಕೇಂದ್ರ ಸರ್ಕಾರ ಆ ಜೋಡಿ ಮಾತ್ರೆ ತಯಾರಿಸುವುದಕ್ಕೂ ರಫ್ತಿಗೂ ಕೊಟ್ಟಿದ್ದ ಅನುಮತಿ ವಾಪಸ್ ಪಡೆಯಿತು. ಹೀಗಾಗಿ 'ಮಸಲ್ ರಿಲ್ಯಾಕ್ಸೆಂಟ್' ಅಂತ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ, ಚೀಟಿಯಲ್ಲಿರುವ ಹೆಸರು ನೋಡಿ.

ತೂಕಡಿಕೆ ತಡೆಯಲಾಗದಿದ್ದರೆ ಡಾಕ್ಟರ್ ಥಯೋಕೊಲ್ಚಿಕೋಸೈಡ್ ಅನ್ನುವ ಬೇರೆ ರಿಲ್ಯಾಕ್ಸೆಂಟ್ ಇರುವ ಮಾತ್ರೆಗೆ ಬದಲಾಯಿಸಬಹುದು, 4 ಅಥವಾ 8 ಮಿ.ಗ್ರಾಂನಲ್ಲಿ ಬರುತ್ತದೆ. ಇದರಲ್ಲಿ ಮಂಪರು ಕಡಿಮೆ. ಮಲೆನಾಡಿನವರಿಗೆ ಒಂದು ವಿಷಯ ಕೇಳಿ ಆಶ್ಚರ್ಯ ಆಗಬಹುದು. ಹಬ್ಬದ ಹೊತ್ತಿಗೆ ಬೇಲಿಯಲ್ಲಿ ಬೆಂಕಿ ಬಣ್ಣದಲ್ಲಿ ಅರಳುವ ಗೌರಿ ಹೂ ಗೊತ್ತಲ್ಲ, ಅದೇ ಗಿಡದ ಬೀಜದಿಂದ ತೆಗೆದ ರಸಾಯನವನ್ನು ಮಾರ್ಪಡಿಸಿ ಈ ಔಷಧಿ ಮಾಡುತ್ತಾರೆ. ತಮಿಳುನಾಡಿನಲ್ಲಿ ಆ ಬೀಜಕ್ಕಾಗಿಯೇ ಬೇಸಾಯ ಮಾಡುತ್ತಾರೆ. ಹಾಗಂತ ಗಿಡದ ಗೆಡ್ಡೆ ಅರೆದು ಕುಡಿಯಲು ಹೋಗಬೇಡಿ, ಅದರಲ್ಲಿ ಕೊಲ್ಚಿಸಿನ್ ಅನ್ನುವ ವಿಷ ಇದೆ, ತಿಂದು ಸತ್ತವರಿದ್ದಾರೆ. ಮಾತ್ರೆಗೂ ಮಿತಿ ಇದೆ. ದೇಹದಲ್ಲಿ ಅದು ಒಡೆದಾಗ ಬರುವ ಒಂದು ವಸ್ತು ಜೀವಕೋಶದ ವರ್ಣತಂತುಗಳಿಗೆ ಹಾನಿ ಮಾಡಬಹುದು ಅಂತ ಕಂಡುಬಂದಿದ್ದರಿಂದ, 2013ರಲ್ಲಿ ಯುರೋಪಿನಲ್ಲಿ ಬಾಯಿಯಿಂದ ತಗೊಳ್ಳುವುದನ್ನು ದಿನಕ್ಕೆ 16 ಮಿ.ಗ್ರಾಂ, ಗರಿಷ್ಠ ಏಳು ದಿನ ಅಂತ ಕಟ್ಟಿಹಾಕಿದರು. ಗರ್ಭಿಣಿಯರಿಗೆ, ಹಾಲುಣಿಸುವವರಿಗೆ, 16 ವರ್ಷದೊಳಗಿನವರಿಗೆ ಬೇಡ ಅಂದರು. ಮೂರ್ಛೆ ರೋಗ ಇದ್ದವರೂ ಹುಷಾರು. ಹಳೆ ಚೀಟಿ ತೋರಿಸಿ 'ಕಳೆದ ಸಲದ್ದೇ ಇನ್ನೊಂದು ಶೀಟ್ ಕೊಡಿ' ಅನ್ನುವವರಿಗೆ ನಾನು ಕೊಡದಿರುವುದು ಇದಕ್ಕೇ, ಸುಮ್ನೆ ಹಠಕ್ಕಲ್ಲ.

ಇಷ್ಟೆಲ್ಲ ಇದ್ದೂ ಈ ಮಾತ್ರೆಯಿಂದ ಎಷ್ಟು ಉಪಯೋಗ? ನಿರೀಕ್ಷೆ ಕಡಿಮೆ ಇಟ್ಟುಕೊಳ್ಳಿ. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಬಂದ ಪರಿಶೀಲನೆಯೊಂದು 31 ಅಧ್ಯಯನಗಳನ್ನು, ಸುಮಾರು ಆರೂವರೆ ಸಾವಿರ ಸೊಂಟನೋವಿನ ರೋಗಿಗಳ ಲೆಕ್ಕವನ್ನು ಒಟ್ಟಿಗೆ ನೋಡಿತು. ಹೊಸದಾಗಿ ಹಿಡಿದ ಸೊಂಟಕ್ಕೆ ಈ ಬಗೆಯ ಮಾತ್ರೆಗಳಿಂದ ಮೊದಲ ಎರಡು ವಾರದಲ್ಲಿ ನೋವು 100 ಅಂಕದ ಅಳತೆಯಲ್ಲಿ ಸುಮಾರು 8 ಅಂಕದಷ್ಟು ಕಡಿಮೆಯಾಯಿತು, ಅದೂ ಗಟ್ಟಿ ಸಾಕ್ಷ್ಯ ಅಲ್ಲ ಅಂದಿತು. 2015ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ 323 ಜನರ ಮೇಲೆ ಮಾಡಿದ ಇನ್ನೊಂದು ಅಧ್ಯಯನದಲ್ಲಿ, ನ್ಯಾಪ್ರೊಕ್ಸೆನ್ ಅನ್ನುವ ನೋವಿನ ಮಾತ್ರೆಯ ಜೊತೆ ಸೈಕ್ಲೋಬೆಂಜಪ್ರಿನ್ ಎಂಬ ರಿಲ್ಯಾಕ್ಸೆಂಟ್ ಸೇರಿಸಿದ್ದರಿಂದ ಒಂದು ವಾರದ ನಂತರ ನೋಡಿದರೆ ಹೆಚ್ಚಿನ ಲಾಭವೇ ಕಾಣಲಿಲ್ಲ.

ಆದರೂ ನಾನು ಇದನ್ನು ದಂಡ ಅನ್ನುವುದಿಲ್ಲ. ಕುತ್ತಿಗೆ ಹಿಡಿದ ಮೊದಲ ರಾತ್ರಿ ಯಾವ ಮಗ್ಗುಲಿಗೂ ಹೊರಳಲಾಗದೆ ಬೆಳಗು ಮಾಡಿದವರಿಗೆ ಗೊತ್ತು, ನಾಲ್ಕು ಗಂಟೆ ನಿದ್ದೆ ಬಂದರೆ ಅದೇ ದೊಡ್ಡದು. ನನ್ನ ಮಟ್ಟಿಗೆ ಇದರ ಬೆಲೆ ಮೊದಲ ಎರಡು ಮೂರು ರಾತ್ರಿಯ ನಿದ್ದೆ, ಅಷ್ಟೇ. ಸೊಂಟ ವಾಸಿಯಾಗುವುದು ತನ್ನಷ್ಟಕ್ಕೆ, ದಿನ ಕಳೆದ ಹಾಗೆ. ಬಿಸಿನೀರಿನ ಚೀಲ ಇಟ್ಟು ಕಾವು ಕೊಡಿ, ಮನೆಯೊಳಗೇ ಆದರೂ ಆಗಾಗ ಎದ್ದು ಓಡಾಡಿ. ಪೂರ್ತಿ ಮಲಗಿಬಿಟ್ಟರೆ ಸೊಂಟ ಇನ್ನಷ್ಟು ಬಿಗಿಯುತ್ತದೆ. 2017ರ ಅಮೆರಿಕದ ವೈದ್ಯರ ಮಾರ್ಗಸೂಚಿಯಲ್ಲೂ ಹೊಸ ಸೊಂಟನೋವಿಗೆ ಮೊದಲು ಕಾವು, ಮಸಾಜ್ ಇಂಥವು, ಬೇಕೆನಿಸಿದರೆ ಮಾತ್ರ ಮಾತ್ರೆ. ಉಳುಕು ತೆಗೆಯುವವರ ಹತ್ತಿರ ಹೋಗಿ ಬೆನ್ನು ಲಟಕ್ ಅನ್ನಿಸಿಕೊಳ್ಳುವುದನ್ನು ಮಾತ್ರ ನಾನು ಬೇಡ ಅನ್ನುತ್ತೇನೆ, ನಮ್ಮ ಅತ್ತೆಯ ಹತ್ತಿರ ಈ ವಿಷಯಕ್ಕೆ ಜಗಳವೂ ಆಗಿದೆ.

ಮೈಕೈ ನೋವಿನ ಜೊತೆ ಜ್ವರ ಇದ್ದರೆ ಅದು ಸೊಂಟ ಹಿಡಿದಿದ್ದಲ್ಲ, ಈ ಮಾತ್ರೆಯ ಕೆಲಸವೂ ಅಲ್ಲ. ಮಳೆಗಾಲದಲ್ಲಿ ಡೆಂಗ್ಯೂ. ನಮ್ಮ ಕಡೆ ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾಗಿದ್ದು. ಎರಡರಲ್ಲೂ ಸೊಂಟ, ಕೈಕಾಲು ಮುರಿದು ಹಾಕಿದ ಹಾಗೆ ನೋವು ಬರುತ್ತದೆ. ಎರಡರಲ್ಲೂ ರಕ್ತಸ್ರಾವದ ಭಯ ಇರುವುದರಿಂದ ಅಸೆಕ್ಲೋಫೆನಾಕ್ ಜಾತಿಯ ಮಾತ್ರೆ ತಗೊಳ್ಳಬಾರದು. ಕಾಡಿಗೆ ಸೊಪ್ಪು, ದರಗು ತರಲು ಹೋಗಿಬಂದ ಮೇಲೆ ಜ್ವರ, ಮೈನೋವು ಅಂತ ಯಾರಾದರೂ 'ಸೊಂಟದ ಮಾತ್ರೆ' ಕೇಳಿದರೆ ನಾನು ಪಿಎಚ್‌ಸಿಗೆ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಕಳಿಸುತ್ತೇನೆ.

ನೋವು ಒಂದು ಕಾಲಿನ ಕೆಳಗಿನವರೆಗೆ ಎಳೆಯುತ್ತಿದ್ದರೆ ಡಾಕ್ಟರಿಗೆ ಮತ್ತೆ ತೋರಿಸಿ. ಕಾಲಲ್ಲಿ ಬಲ ಇಲ್ಲ, ತೊಡೆಸಂದಿ ಜೋಮು, ಮೂತ್ರ ಕಟ್ಟಿದೆ ಅಥವಾ ಗೊತ್ತಾಗದೆ ಹೋಗುತ್ತಿದೆ ಅಂದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ನೀವು ಬಿಪಿ ಮಾತ್ರೆ ತಗೊಳ್ಳುತ್ತೀರಾ ಅಂತ ಬರೆದಿಲ್ಲ. ತಗೊಳ್ಳುತ್ತಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ, ಟಿಜಾನಿಡಿನ್ ಬಿಪಿಯನ್ನು ಇನ್ನಷ್ಟು ಇಳಿಸುತ್ತದೆ, ಅಸೆಕ್ಲೋಫೆನಾಕ್ ಏರಿಸುವುದೂ ಉಂಟು, ಕಿಡ್ನಿಗೂ ಹೊರೆ. ಹೌದಾದರೆ ಯಾವ ಮಾತ್ರೆ, ಎಷ್ಟು ಮಿ.ಗ್ರಾಂ ಅಂತ ಕೆಳಗೆ ಬರೆಯಿರಿ, ಡಾಕ್ಟರಿಗೆ ಏನು ಕೇಳಬೇಕು ಅಂತ ಹೇಳುತ್ತೇನೆ.