ಹನಾಫುಡಾದಲ್ಲಿ ಅಂಕಿಗಳೇಕಿಲ್ಲ?

ಹನಾಫುಡಾ ಎಂಬ ಜಪಾನಿ ಆಟದ ಎಲೆಗಳಲ್ಲಿ ಅಂಕಿಗಳೇಕಿಲ್ಲ, 52ರ ಬದಲು 48 ಎಲೆಗಳೇ ಏಕೆ ಎಂದು ಕೇಳಿದ್ದೀರಿ. 16ನೇ ಶತಮಾನದಲ್ಲಿ ಪೋರ್ಚುಗೀಸರು ಜಪಾನಿಗೆ ತಂದ ಇಸ್ಪೀಟಿನ ಕಟ್ಟಿನಲ್ಲಿ ಹತ್ತರ ಎಲೆ ಇರಲಿಲ್ಲವಾದ್ದರಿಂದ ಒಟ್ಟು 48 ಎಲೆಗಳಷ್ಟೇ ಇದ್ದವು. ಜಪಾನಿ ಭಾಷೆಯ ‘ಕರುತಾ’ (ಆಟದ ಎಲೆ) ಎಂಬ ಪದವೂ ಪೋರ್ಚುಗೀಸಿನಿಂದಲೇ ಬಂದದ್ದು. ಜೂಜಿನ ಕಾರಣಕ್ಕೆ ಎದೋ ಕಾಲದ (1603–1868) ಆಡಳಿತವು ಇಂಥ ಎಲೆಗಳನ್ನು ಮತ್ತೆ ಮತ್ತೆ ನಿಷೇಧಿಸಿದಂತೆಲ್ಲ ಬೇರೆ ಚಿತ್ರಗಳ ಹೊಸ ಕಟ್ಟುಗಳು ಹುಟ್ಟಿಕೊಂಡವು; ಹನಾಫುಡಾ ಅವುಗಳಲ್ಲೊಂದು. ಹನಾಫುಡಾದಲ್ಲಿ ಅಂಕಿಯ ಕೆಲಸವನ್ನು ಗಿಡಮರಗಳೇ ಮಾಡುತ್ತವೆ: ಜನವರಿಗೆ ಪೈನ್, ಮಾರ್ಚಿಗೆ ಚೆರ್ರಿ, ಹೀಗೆ 12 ತಿಂಗಳಿಗೆ ತಲಾ 4 ಎಲೆ. ನನಗೆ ಅಚ್ಚುಮೆಚ್ಚಾದದ್ದು ನವೆಂಬರಿನ ಎಲೆ. ಜೋತುಬಿದ್ದ ವಿಲೋ ಕೊಂಬೆಯ ಕೆಳಗೆ ಕೊಡೆ ಹಿಡಿದು ನಿಂತ ಲಿಪಿಕಾರ ಓನೋ ನೋ ಮಿಚಿಕಾಜೆ, ಎದುರಿಗೊಂದು ಕಪ್ಪೆ. ಅಂದಹಾಗೆ, ವಿಡಿಯೋ ಗೇಮ್‌ಗಳಿಗೆ ಹೆಸರಾದ ನಿಂಟೆಂಡೊ ಕಂಪನಿ 1889ರಲ್ಲಿ ಕ್ಯೋಟೋದಲ್ಲಿ ಆರಂಭವಾದದ್ದು ಈ ಎಲೆಗಳನ್ನು ತಯಾರಿಸುವುದಕ್ಕಾಗಿಯೇ.