ಮಾಸ್ತರರ ಪೇಟಿ, ಮಾಲಕರ ಮೂಗು

ಪ್ರಶ್ನೆ: ನನಗೆ 41 ವರ್ಷ, ಗದಗಿನವನು. ಅವ್ವ ನಾಟಕ ಕಂಪನಿಯಲ್ಲಿ ನಟಿ, ಅಪ್ಪ ಅಲ್ಲೇ ಪೇಟಿ (ಹಾರ್ಮೋನಿಯಂ) ಮಾಸ್ತರ. ಬಾದಾಮಿ ಬಳಿಯ ಬನಶಂಕರಿ ಜಾತ್ರೆಯಲ್ಲಿ ಬೆಳತನಕ ನಾಟಕ ನಡೆದಾಗ ಅಪ್ಪನ ತೊಡೆಯ ಮೇಲೇ ಮಲಗುತ್ತಿದ್ದೆ. ಅವರು ಒಂದೇ ಕಾಲಲ್ಲಿ ಪೇಟಿ ತುಳಿಯುತ್ತಿದ್ದರು. ಹೋದ ವರ್ಷ ತೀರಿಕೊಂಡರು. ದಿನಕರ್ಮದ ಊಟಕ್ಕೆ ಬಂದ ಕಂಪನಿಯ ಹಳೆಯ ಹಾಸ್ಯನಟರೊಬ್ಬರು ನನ್ನ ಮುಖ ನೋಡಿ, "ಮಾಲಕರ ಮೂಗು ಥೇಟ್ ಕೂತೈತಿ ನೋಡ" ಅಂದುಬಿಟ್ಟರು. ಅವ್ವನನ್ನು ಕೇಳಿದರೆ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಕಂಪನಿಯ ಮಾಲಕರೂ ಈಗಿಲ್ಲ. ಡಿಎನ್‌ಎ ಪರೀಕ್ಷೆಗಾಗಿ ಅವರ ಮಕ್ಕಳ ಮೇಲೆ ಕೋರ್ಟಿಗೆ ಹೋಗಲೇ?

ಉತ್ತರ: ಕೋರ್ಟಿನ ಮಾತು ಮೊದಲು ಮುಗಿಸೋಣ. ಗಂಡ-ಹೆಂಡತಿ ಕೂಡಿ ಬಾಳುತ್ತಿದ್ದಾಗ ಹುಟ್ಟಿದ ಮಗು ಗಂಡನದೇ ಎನ್ನುತ್ತದೆ ಕಾನೂನು. 2025ರ ಜನವರಿಯಲ್ಲಿ, ಬೇರೊಬ್ಬರು ತನ್ನ ತಂದೆ ಎಂದು ಸಾಧಿಸಹೊರಟ ಕೇರಳದ ಯುವಕನಿಗೆ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ಹೋದರೂ ಕಟಕಟೆಗೆ ಹತ್ತಬೇಕಾದವಳು ನಿಮ್ಮ ಅವ್ವ.

ಇನ್ನು ಆ ಮೂಗು. ಕಂಪನಿಯ ಹಾಸ್ಯನಟರಿಗೆ ಬರೆದುಕೊಟ್ಟ ಮಾತಿಗಿಂತ ಬಾಯಿಗೆ ಬಂದದ್ದೇ ಜಾಸ್ತಿ. ಚಪ್ಪಾಳೆ ಬಿದ್ದರೆ ನಾಳೆಯೂ ಅದೇ ಮಾತು. ನಿಜವೂ ಇರಬಹುದು, ನಾನು ಅಲ್ಲಗಳೆಯುವುದಿಲ್ಲ.

ಆದರೆ ಅವ್ವ ಯಾಕೆ ಎದ್ದು ಹೋಗುತ್ತಾಳೆ? ರಾತ್ರಿ ರಂಗದ ಮೇಲೆ ರಾಣಿಯಾದವಳಿಗೆ ಬೆಳಿಗ್ಗೆ ಬಾಡಿಗೆ ಮನೆ ಸಿಗದ ಊರುಗಳಿದ್ದವು. ಅಮೀರಬಾಯಿ ಕರ್ನಾಟಕಿ, ಗಂಗೂಬಾಯಿ ಹಾನಗಲ್ ಅಂಥ ಕಲಾವಿದೆಯರ ಹೆಸರಿಗೆ ಅಂಟಿದ್ದು ನಾಡು, ಊರು. ಅಪ್ಪನೂ ಅಲ್ಲ, ಗಂಡನೂ ಅಲ್ಲ. ಪ್ರೇಕ್ಷಕರಿಗೆ ಅಷ್ಟು ಸಾಕಿತ್ತು. ಶಾಲೆಗೆ ಸಾಲದು. ಕಂಪನಿಯ ಕ್ಯಾಂಪ್ ಊರಿಂದೂರಿಗೆ ಬದಲಾದಾಗಲೆಲ್ಲ ನಿಮಗೆ ಹೊಸ ಶಾಲೆ, ಹೊಸ ಹೆಡ್‌ಮಾಸ್ತರರು, ಅದೇ ಹಳೇ ಕಾಲಮ್ಮು: ತಂದೆಯ ಹೆಸರು. ರಾತ್ರಿಯೆಲ್ಲ ಪೇಟಿ ನುಡಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಹೋಗಿ ಅಲ್ಲಿ ಸಹಿ ಹಾಕಿದವರು ಯಾರು? ಆ ಮೂಗು ಅವರ ಕಣ್ಣಿಗೂ ಬಿದ್ದಿರುತ್ತದಲ್ಲ, ದಿನಾ ತೊಡೆಯ ಮೇಲೇ ಇತ್ತು.

ಅವ್ವನನ್ನು "ಅಪ್ಪ ಯಾರು" ಎಂದು ಮತ್ತೆ ಕೇಳಬೇಡಿ. ಹುಟ್ಟಿದಾಗ ಕ್ಯಾಂಪ್ ಯಾವ ಊರಲ್ಲಿತ್ತು, ಯಾವ ನಾಟಕ ಓಡುತ್ತಿತ್ತು, ಬಾಣಂತನ ಯಾರು ಮಾಡಿದರು, ಅದನ್ನು ಕೇಳಿ. ಜನವರಿಯಲ್ಲಿ ಬನಶಂಕರಿಗೆ ಕರೆದೊಯ್ಯಿರಿ. ಕಂಪನಿಗಳು ಈಗಲೂ ಟೆಂಟ್ ಹಾಕುತ್ತವೆ. ಹೇಳಿದರೆ ಕೇಳಿಸಿಕೊಳ್ಳಿ. ಹೇಳದಿದ್ದರೆ ಒಂದು ಚಹಾ ತಂದುಕೊಟ್ಟು ನಾಟಕ ನೋಡಿ. ಅವಳು ಬಾಯಿಬಿಟ್ಟದ್ದನ್ನು ಮಾಲಕರ ಮನೆಗೆ ಒಯ್ಯಬೇಡಿ.

ವರ್ಷದ ತಿಥಿಗೆ ಆ ಹಾಸ್ಯನಟರನ್ನೂ ಕರೆಯಿರಿ, ಪಾಪ, ವಯಸ್ಸಾದವರು. ಅವ್ವನ ಪಂಕ್ತಿಯಲ್ಲಿ ಮಾತ್ರ ಕೂರಿಸಬೇಡಿ.